ಸ್ಪೈಕ್ ರೋಗ ಬಾರದ ಶ್ರೀಗಂಧದ ಸಸಿ ಸಿಗುತ್ತದಾ?

ಪ್ರಶ್ನೆ: ಎರಡು ಎಕರೆಯಲ್ಲಿ ಶ್ರೀಗಂಧ ಹಾಕಬೇಕು ಅಂತಿದ್ದೇನೆ. ಒಂದು ನರ್ಸರಿಯವರು "ನಮ್ಮದು ಡಿಎನ್‌ಎ ಟೆಸ್ಟ್ ಮಾಡಿಸಿದ ತಳಿ, ಸ್ಪೈಕ್ ರೋಗ ಬರೋದೇ ಇಲ್ಲ" ಅಂತ ಜಾಸ್ತಿ ರೇಟು ಹೇಳುತ್ತಿದ್ದಾರೆ. ನಂಬಬಹುದಾ? ನಿಜವಾಗಿಯೂ ಅಂಥ ತಳಿ ಬಂದಿದೆಯಾ?

ಉತ್ತರ: ಇಲ್ಲ, ಬಂದಿಲ್ಲ. ಸ್ಪೈಕ್ ಬರೋದೇ ಇಲ್ಲ ಅಂತ ಬರೆದುಕೊಡಬಹುದಾದ ಗಂಧದ ತಳಿ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಆ ಒಂದು ಮಾತಿಗೆ ದುಡ್ಡು ಸುರಿಯಬೇಡಿ. ಹಾಗಂತ ಇದು ಆಗದ ಕೆಲಸವೂ ಅಲ್ಲ. ಬೇರೆ ದೇಶದಲ್ಲಿ, ಬೇರೆ ಮರದಲ್ಲಿ ಆಗಿದೆ. ಅಲ್ಲಿ ಹೇಗಾಯಿತು, ಗಂಧದಲ್ಲಿ ಯಾಕೆ ಕಷ್ಟ ಅಂತ ತಿಳಿದರೆ, ನರ್ಸರಿಯಲ್ಲಿ ಏನು ಕೇಳಬೇಕು ಅನ್ನುವುದೂ ತಿಳಿಯುತ್ತದೆ.

ಮೊದಲು ರೋಗವನ್ನೇ ನೋಡೋಣ. ಸ್ಪೈಕ್ ಬಂದ ಟೊಂಗೆಯನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮರೆಯುವುದಿಲ್ಲ. ಚೆನ್ನಾಗಿರುವ ಗಿಡದ ಎಲೆ ಅಗಲವಾಗಿ, ಮೆತ್ತಗೆ ಇರುತ್ತದೆ. ರೋಗ ಹಿಡಿದ ಮೇಲೆ ಹೊಸದಾಗಿ ಬರುವ ಎಲೆ ಒಂದಕ್ಕಿಂತ ಒಂದು ಸಣ್ಣದಾಗುತ್ತ ಹೋಗುತ್ತದೆ. ಗೆಣ್ಣುಗಳು ಹತ್ತಿರ ಹತ್ತಿರ ಬರುತ್ತವೆ. ಕೊನೆಗೆ ಹಳದಿ ಬಣ್ಣದ, ಕಡ್ಡಿಯಷ್ಟು ಕಿರಿದಾದ ಎಲೆಗಳು ಟೊಂಗೆಯ ಸುತ್ತ ಮುಳ್ಳಿನ ಹಾಗೆ ಸೆಟೆದು ನಿಲ್ಲುತ್ತವೆ. ಹೂವಿಲ್ಲ, ಕಾಯಿಲ್ಲ. ಎರಡು ಮೂರು ವರ್ಷದಲ್ಲಿ ಮರ ಒಣಗಿ ಹೋಗುತ್ತದೆ.

ಇದು ಮೊದಲು ದಾಖಲಾಗಿದ್ದು ನಮ್ಮ ಕೊಡಗಿನಲ್ಲೇ, 1899ರಲ್ಲಿ. 1903ರಿಂದ 1916ರ ನಡುವೆ ಕೊಡಗು ಮತ್ತು ಮೈಸೂರು ಸೀಮೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಗಂಧದ ಮರಗಳನ್ನು ಈ ರೋಗದಿಂದಾಗಿ ತೆಗೆಯಬೇಕಾಯಿತು. ಬಹಳ ಕಾಲ ಇದು ವೈರಸ್ ಕೆಲಸ ಅಂದುಕೊಂಡಿದ್ದರು. 1969ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ನಿಜವಾದ ಕಳ್ಳ ಸಿಕ್ಕಿಬಿದ್ದ. ಈಗ ಅದನ್ನು ಫೈಟೋಪ್ಲಾಸ್ಮಾ ಅನ್ನುತ್ತಾರೆ. ಬ್ಯಾಕ್ಟೀರಿಯಾ ಬಳಗದ್ದು, ಆದರೆ ಅದರ ಮೈಗೆ ಗೋಡೆಯಿಲ್ಲ. ರಸ ಹೀರುವ ಜಿಗಿಹುಳುಗಳು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತವೆ.

ಇಲ್ಲೇ ನಿಮ್ಮ ನರ್ಸರಿಯವರ "ಡಿಎನ್‌ಎ ಟೆಸ್ಟ್" ಮಾತನ್ನು ಬಿಡಿಸಿ ನೋಡಬೇಕು. ಪಿಸಿಆರ್ ಪರೀಕ್ಷೆ ಅಂತ ಒಂದಿದೆ. ಕೋವಿಡ್ ಸಮಯದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡೆವಲ್ಲ, ಅದೇ ಬಗೆಯದು. ಎಲೆಯಲ್ಲಿ ಫೈಟೋಪ್ಲಾಸ್ಮಾದ ಜೀನ್ ಇದೆಯಾ ಅಂತ ಅದು ಹುಡುಕುತ್ತದೆ. ಹೊರಗೆ ಹಸಿರಾಗಿ ಕಾಣುವ ಗಿಡದೊಳಗೂ ರೋಗ ಅಡಗಿರಬಹುದು, ಆದ್ದರಿಂದ ಈ ಪರೀಕ್ಷೆ ಒಳ್ಳೆಯದೇ. ಆದರೆ "ನೆಗೆಟಿವ್" ಬಂದರೆ ಇವತ್ತು ಈ ಗಿಡದಲ್ಲಿ ರೋಗಾಣು ಕಂಡಿಲ್ಲ ಅಂತ ಮಾತ್ರ ಅರ್ಥ. ಮುಂದೆ ಬರುವುದಿಲ್ಲ ಅಂತ ಅಲ್ಲ. ನೆಗೆಟಿವ್ ರಿಪೋರ್ಟ್ ಹಿಡಿದು ಬಂದವರಿಗೂ ಮುಂದಿನ ವಾರ ಕೋವಿಡ್ ಬರುತ್ತಿತ್ತು, ಅಲ್ವಾ?

ಹಾಗಾದರೆ ರೋಗ ತಡೆಯುವ ತಳಿ ಹುಡುಕೋದು ಹೇಗೆ? ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅಮೆರಿಕದ ಪೈನ್ ಮರಗಳದು. 1910ರಲ್ಲಿ ಫ್ರಾನ್ಸಿನಿಂದ ತರಿಸಿದ ಸಸಿಗಳ ಜೊತೆ ಒಂದು ತುಕ್ಕು ರೋಗ ಪಕ್ಕದ ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಇಳಿಯಿತು. ಆ ಖಂಡದ ಪಶ್ಚಿಮ ಕರಾವಳಿಯ ಪೈನ್ ಕಾಡುಗಳು ಸಾಯತೊಡಗಿದವು. ಆದರೆ ಸತ್ತ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರಾಗಿ ನಿಂತಿದ್ದವು. ಕೆಲಸ ಶುರುವಾಗಿದ್ದು ಆ ಮರಗಳಿಂದ.

ಒರೆಗಾನ್ ರಾಜ್ಯದ ಡೊರಿನಾ ಎಂಬಲ್ಲಿ 1966ರಲ್ಲಿ ಒಂದು ಕೇಂದ್ರ ತೆರೆದರು. ಉಳಿದ ಮರಗಳ ಬೀಜ ತಂದು ಸಸಿ ಬೆಳೆಸುತ್ತಾರೆ. ಮಂಜು ತುಂಬಿದ ತಂಪು ಕೋಣೆಯಲ್ಲಿ ಸಸಿಗಳನ್ನು ಸಾಲಾಗಿ ಇಡುತ್ತಾರೆ. ಮೇಲೆ ತಂತಿಯ ಜಾಲರಿ, ಅದರ ಮೇಲೆ ಇದೇ ತುಕ್ಕು ರೋಗ ಹಿಡಿದ ಪೊದೆಯ ಎಲೆಗಳು. ಎಲೆಗಳಿಂದ ರೋಗದ ಕಣ ಕೆಳಗಿನ ಸಸಿಗಳ ಮೇಲೆ ಉದುರುತ್ತದೆ. ಬೇಕಂತಲೇ ರೋಗ ಹಚ್ಚುವುದು! ಆಮೇಲೆ ವರ್ಷಗಟ್ಟಲೆ ಕಾದು ನೋಡುತ್ತಾರೆ. ಹೆಚ್ಚಿನವು ಸಾಯುತ್ತವೆ. ಉಳಿದ ಕೆಲವೇ ಮುಂದಿನ ಬೀಜದ ತೋಟಕ್ಕೆ ಹೋಗುತ್ತವೆ.

ಈ ಕಥೆಯಲ್ಲಿ ನನ್ನ ಮನಸ್ಸು ಕೊರೆಯುವ ಭಾಗವೊಂದಿದೆ. ಶುಗರ್ ಪೈನ್ ಮರದಲ್ಲಿ ತುಕ್ಕನ್ನು ತಡೆಯುವ ಒಂದೇ ಒಂದು ಗಟ್ಟಿ ಜೀನ್ ಇದೆ ಅಂತ 1970ರಲ್ಲಿ ಗೊತ್ತಾಯಿತು. ಒಂದೇ ಜೀನ್, ಪೂರ್ತಿ ರಕ್ಷಣೆ. ಎಲ್ಲರಿಗೂ ಖುಷಿ. ಆದರೆ ಹತ್ತು ವರ್ಷ ತುಂಬುವ ಮೊದಲೇ ಕ್ಯಾಲಿಫೋರ್ನಿಯಾದ ಹ್ಯಾಪಿ ಕ್ಯಾಂಪ್ ಎಂಬಲ್ಲಿ ಆ ಜೀನನ್ನು ದಾಟಿ ಹೋಗುವ ತುಕ್ಕಿನ ಹೊಸ ಬಗೆ ಕಾಣಿಸಿತು. ಅಂದಿನಿಂದ ಒಂದೇ ಬೀಗ ನಂಬಿ ಕೂರುವುದನ್ನು ಬಿಟ್ಟರು. ರೋಗವನ್ನು ಸ್ವಲ್ಪ ಸ್ವಲ್ಪ ತಡೆಯುವ ಹಲವು ಜೀನ್‌ಗಳು ಒಂದೇ ಮರದಲ್ಲಿ ಸೇರುವಂತೆ ತಳಿ ಮಾಡುತ್ತಾರೆ. ಮೂರು ತಿಂಗಳ ಬೆಳೆಯಾದರೆ ಮುಂದಿನ ಹಂಗಾಮಿಗೆ ತಳಿ ಬದಲಿಸಬಹುದು. ಮರ ನೂರು ವರ್ಷ ಅಲ್ಲೇ ನಿಂತಿರುತ್ತದೆ, ರೋಗಾಣುವಿಗೆ ಕಲಿಯೋಕೆ ಬೇಕಾದಷ್ಟು ಸಮಯ.

ಗಂಧದಲ್ಲಿ ತೊಡಕು ಇನ್ನೂ ಜಾಸ್ತಿ. ಫೈಟೋಪ್ಲಾಸ್ಮಾವನ್ನು ಬೇರೆ ರೋಗಾಣುಗಳ ಹಾಗೆ ಲ್ಯಾಬಿನ ತಟ್ಟೆಯಲ್ಲಿ ಸುಲಭವಾಗಿ ಬೆಳೆಸಿ ಚಿಮುಕಿಸಲು ಬರುವುದಿಲ್ಲ. ರೋಗದ ಟೊಂಗೆಯನ್ನು ಕಸಿ ಕಟ್ಟಬೇಕು, ಇಲ್ಲವೇ ಹುಳು ಬಿಡಬೇಕು. ರೋಗ ಹೊರಗೆ ಕಾಣಲು ತಿಂಗಳುಗಟ್ಟಲೆ ಬೇಕು. ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ರೋಗ ಬಿದ್ದ ಕಾಡಲ್ಲಿ ಹಸಿರಾಗಿ ಉಳಿದ ಮರ ನಿಜಕ್ಕೂ ರೋಗ ತಡೆದಿದೆಯಾ, ಅಥವಾ ಹುಳು ಇನ್ನೂ ಅದರ ಹತ್ತಿರ ಬಂದಿಲ್ಲವಾ? ನೋಡಿ ಹೇಳೋಕೆ ಆಗಲ್ಲ. ಅದರ ಮೇಲೆ ಗಂಧ ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಬದುಕುವ ಮರ. ಪರೀಕ್ಷೆಗೆ ಬೆಳೆಸುವಾಗಲೂ ಪ್ರತಿ ಗಿಡಕ್ಕೂ ಆಸರೆ ಗಿಡ ಬೇಕು, ಆಸರೆ ಬೇರೆಯಾದರೆ ಬೆಳವಣಿಗೆಯೂ ಬೇರೆ. ಜೀನಿನದೆಷ್ಟು, ಆಸರೆಯದೆಷ್ಟು ಅಂತ ಬೇರ್ಪಡಿಸುವುದೇ ದೊಡ್ಡ ಕೆಲಸ.

2018ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಗಂಧದ ಮರದ ಜೀನೋಮ್, ಅಂದರೆ ಅದರ ಡಿಎನ್‌ಎಯಲ್ಲಿರುವ ಇಡೀ ಬರಹ, ಓದಿ ಪ್ರಕಟಿಸಿದರು. ಸುಮಾರು 22 ಕೋಟಿ ಅಕ್ಷರ. ಮನುಷ್ಯನದು 300 ಕೋಟಿ, ಶುಗರ್ ಪೈನಿನದು 3,100 ಕೋಟಿ. ಅಂದರೆ ಗಂಧದ ಪುಸ್ತಕ ಚಿಕ್ಕದು, ಓದೋಕೆ ಸುಲಭ. ಚೇಗಿನಲ್ಲಿ ಎಣ್ಣೆ ತಯಾರಿಸುವ ಜೀನ್‌ಗಳಲ್ಲಿ ಹಲವು ಈಗಾಗಲೇ ಸಿಕ್ಕಿವೆ. ಆದರೆ ಪುಸ್ತಕ ಕೈಯಲ್ಲಿದ್ದರೆ ಸಾಲದು. ರೋಗ ತಡೆದ ಮರ, ರೋಗಕ್ಕೆ ಬಿದ್ದ ಮರ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಯಾವ ಸಾಲು ಮುಖ್ಯ ಅಂತ ಗೊತ್ತಾಗುತ್ತದೆ. ಆ ಮರಗಳು ಇರೋದು ಕಾಡಲ್ಲಿ ಮತ್ತು ಹಳ್ಳಿಯ ಬೇಲಿಗಳಲ್ಲಿ. ಒಂದೊಂದು ಹಳೇ ಮರ ಕಳ್ಳರ ಗರಗಸಕ್ಕೆ ಸಿಕ್ಕಾಗಲೂ ನಾವು ಓದದ ಒಂದು ಪ್ರತಿ ಹೋಗುತ್ತದೆ. ಇದು ನನಗೆ ತುಂಬಾ ಸಂಕಟದ ವಿಷಯ.

ಈಗ ನಿಮ್ಮ ಎರಡು ಎಕರೆಗೆ ಬರೋಣ. ನರ್ಸರಿಯಲ್ಲಿ "ರೋಗ ಬರುತ್ತದಾ?" ಅಂತ ಕೇಳಬೇಡಿ. "ಬೀಜ ಎಲ್ಲಿಂದ ತಂದಿರಿ, ಎಷ್ಟು ಮರದ್ದು?" ಅಂತ ಕೇಳಿ. ಎರಡು ಮೂರು ಮರದ ಬೀಜವಾದರೆ ನಿಮ್ಮ ತೋಟದ ತುಂಬ ಅಣ್ಣತಮ್ಮಂದಿರೇ ಇರುತ್ತಾರೆ. ಒಬ್ಬನನ್ನು ಬೀಳಿಸಿದ ರೋಗ ಉಳಿದವರನ್ನೂ ಬೀಳಿಸುವುದು ಸುಲಭ. ದೂರ ದೂರ ನಿಂತ 20–30 ತಾಯಿಮರಗಳ ಬೀಜ ಬೆರೆಸಿದ್ದರೆ ಒಳ್ಳೆಯದು. ಒಂದೇ ಮರದಿಂದ ಮಾಡಿದ ಅಂಗಾಂಶ ಕೃಷಿಯ ಸಸಿಗಳನ್ನು ಇಡೀ ಹೊಲಕ್ಕೆ ಹಾಕಬೇಡಿ. ಸಸಿಯ ಎಲೆ ಸಣ್ಣದಾಗಿ, ಒತ್ತೊತ್ತಾಗಿ, ಹಳದಿಯಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಚೀಲದಲ್ಲೇ ತೊಗರಿಯದೋ ಹೊನಗೊನ್ನೆಯದೋ ಆಸರೆ ಇದೆಯಾ ನೋಡಿ.

ಇನ್ನೊಂದು ಕೇಳಿಕೆ. ನಿಮ್ಮ ಸುತ್ತಮುತ್ತ ಗಂಧದ ಮರಗಳೆಲ್ಲ ಸ್ಪೈಕ್ ಬಂದು ಒಣಗಿದ್ದು, ಒಂದು ಮಾತ್ರ ವರ್ಷಗಳಿಂದ ಹಸಿರಾಗಿ ಹೂ ಕಾಯಿ ಬಿಡುತ್ತಿದ್ದರೆ ಅದನ್ನು ಕಡಿಯಬೇಡಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತಿಳಿಸಿ. ಗಂಧದ ಸಂಶೋಧನೆ ಅಲ್ಲಿ ದಶಕಗಳಿಂದ ನಡೆದಿದೆ. ಆ ಮರಕ್ಕೆ ಹುಳು ತಾಗಿಲ್ಲವೋ, ತಾಗಿಯೂ ಮರ ಗೆದ್ದಿದೆಯೋ ಅಂತ ಪರೀಕ್ಷೆ ಮಾಡಿ ನೋಡಬೇಕಾದವರು ಅವರು.