ಎತ್ತಿನ ಗಾಡಿಯ ದಾರಿಯಲ್ಲಿ ಹೆರಿಗೆ ಮಾಡಿಸಿದ್ದು ಯಾರು?

ಪ್ರಶ್ನೆ: ಅಮೆರಿಕದ ಮೋರ್ಮನ್ನರು, ಅಂದರೆ ಮೋರ್ಮನ್ ಎಂಬ ಕ್ರೈಸ್ತ ಪಂಥದವರು, ಗಾಡಿ ಕಟ್ಟಿಕೊಂಡು ಯೂಟಾಗೆ ವಲಸೆ ಹೋದದ್ದನ್ನು ಓದಿದೆ. ತಿಂಗಳುಗಟ್ಟಲೆ ಪ್ರಯಾಣ ಅಂದ ಮೇಲೆ ಬಸುರಿಯರೂ ಇದ್ದಿರಬೇಕಲ್ವಾ? ಅವರಿಗೆ ಹೆರಿಗೆ ಮಾಡಿಸುತ್ತಿದ್ದವರು ಯಾರು?

ಉತ್ತರ: ಅದೇ ಗುಂಪಿನಲ್ಲಿ, ಅದೇ ಧೂಳು ಕುಡಿಯುತ್ತಾ ನಡೆಯುತ್ತಿದ್ದ ಸೂಲಗಿತ್ತಿಯರು. ಅವರಲ್ಲಿ ಒಬ್ಬಳು ದಿನಚರಿ ಬರೆದಿಟ್ಟಳು. ಹೆಸರು ಪ್ಯಾಟಿ ಬಾರ್ಟ್‌ಲೆಟ್ ಸೆಶನ್ಸ್. ಆಕೆಯ ದಿನಚರಿಯಿಂದಲೇ ನಮಗೆ ಎಷ್ಟೋ ವಿಷಯ ತಿಳಿದಿದೆ.

ಪ್ಯಾಟಿ ಹುಟ್ಟಿದ್ದು 1795ರಲ್ಲಿ, ಮೇನ್ ರಾಜ್ಯದ ಬೆಥೆಲ್ ಊರಿನಲ್ಲಿ. ಮದುವೆಯಾಗಿ ಹೋದ ಮನೆಯಲ್ಲಿ ಅತ್ತೆಯೇ ಸೂಲಗಿತ್ತಿ. ಅತ್ತೆಗೆ ಕೀಲುನೋವು ಜಾಸ್ತಿ, ಓಡಾಡುವುದು ಕಷ್ಟ. ಹಾಗಾಗಿ ಸೊಸೆ ಚಿಕ್ಕ ವಯಸ್ಸಿಗೇ ಈ ಕೆಲಸಕ್ಕೆ ಇಳಿದಳು. 1834ರಲ್ಲಿ ಮೋರ್ಮನ್ ಪಂಥ ಸೇರಿದಳು.

1844ರಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು ಜನರ ಗುಂಪೊಂದು ಕೊಂದಿತು. ಇಲಿನಾಯ್ ರಾಜ್ಯದ ‘ನಾವೂ’ (Nauvoo) ಎಂಬ ಊರಿನಲ್ಲಿ ಮೋರ್ಮನ್ನರು ಇನ್ನು ಬಾಳುವ ಹಾಗಿರಲಿಲ್ಲ. 1846ರ ಫೆಬ್ರವರಿಯ ಚಳಿಯಲ್ಲೇ ಊರು ಬಿಡತೊಡಗಿದರು. ಹೊರಡುವ ಮುಂಚೆ ಮಗಳು ಸಿಲ್ವಿಯಾ ಅಮ್ಮನ ಕೈಗೆ ಒಂದು ಖಾಲಿ ಪುಸ್ತಕ ಕೊಟ್ಟಳು. ಅಮ್ಮ ಅದರ ಮೊದಲಿಗೇ ತನ್ನ ವಯಸ್ಸು ಬರೆದುಕೊಂಡಳು: ಐವತ್ತೊಂದು ವರ್ಷ, ಆರು ದಿನ. ಮಗಳು ಅವತ್ತು ಜೊತೆಗೆ ಹೊರಡಲಿಲ್ಲ. ಅಮ್ಮ ಆ ಪುಸ್ತಕ ಹಿಡಿದು ಹೋದಳು.

ಇನ್ನು ಹೆರಿಗೆಯ ಮಾತು. ಪ್ಯಾಟಿ ದಿನಚರಿಯಲ್ಲಿ ಅದಕ್ಕೆಂದು ಉದ್ದ ಬರೆಯುವುದಿಲ್ಲ. ಇಂಥವರ ಹೆಂಡತಿಯನ್ನು ಗಂಡುಮಗುವಿನ ಜೊತೆ ಮಲಗಿಸಿದೆ, ಇಂಥವರ ಹೆಂಡತಿಯನ್ನು ಹೆಣ್ಣುಮಗುವಿನ ಜೊತೆ ಮಲಗಿಸಿದೆ, ಅಷ್ಟೇ. ಹೆರಿಗೆ ಮಾಡಿಸಿದೆ ಅನ್ನುವುದನ್ನು ಆಕೆ ಹೇಳುತ್ತಿದ್ದದ್ದೇ ಹಾಗೆ. ಆ ಒಂದು ಸಾಲಿನ ಹಿಂದೆ ಏನೇನಿತ್ತು ಅಂತ ನಾವೇ ಊಹಿಸಿಕೊಳ್ಳಬೇಕು. ಹೆರಿಗೆ ಆಗುತ್ತಿದ್ದದ್ದು ಡೇರೆಯಲ್ಲಿ, ಇಲ್ಲವೇ ಬಟ್ಟೆ ಹೊದಿಸಿದ ಗಾಡಿಯೊಳಗೆ. ಹಸಿ ಬಾಣಂತಿಯನ್ನೂ ಕೂಸನ್ನೂ ಅದೇ ಗಾಡಿಯಲ್ಲಿ ಹಾಸಿಗೆ ಹಾಕಿ ಮಲಗಿಸಿದರೆ, ಗುಂಪು ಎಷ್ಟೋ ಸಲ ಮರುದಿನವೇ ಮುಂದಕ್ಕೆ ಹೊರಟುಬಿಡುತ್ತಿತ್ತು. ಸ್ಪ್ರಿಂಗ್ ಇಲ್ಲದ ಗಾಡಿ. ಪ್ರತಿ ಕಲ್ಲೂ ಬಾಣಂತಿಯ ಸೊಂಟಕ್ಕೇ ತಗಲುತ್ತಿತ್ತು.

ಮಿಸೌರಿ ನದಿ ದಂಡೆಯ ವಿಂಟರ್ ಕ್ವಾರ್ಟರ್ಸ್ ಬಿಡಾರದಲ್ಲಿ ಕಳೆದ ಚಳಿಗಾಲ ದಾರಿಗಿಂತ ಕೆಟ್ಟದ್ದು. ತರಕಾರಿಯೇ ಇಲ್ಲದೆ ಸ್ಕರ್ವಿ ಎಂಬ ರೋಗ ಬಂತು, ಬಹಳ ಜನ ಸತ್ತರು. ಪ್ಯಾಟಿಯ ಸಂಕಟ ಮನೆಯೊಳಗೂ ಇತ್ತು. ಪಂಥದ ಬಹುಪತ್ನಿತ್ವದ ಪ್ರಕಾರ ಗಂಡ ಡೇವಿಡ್ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಆ ನೋವನ್ನು ಆಕೆ ದಿನಚರಿಯಲ್ಲಿ ಮುಚ್ಚಿಡಲಿಲ್ಲ. ನಂಬಿಕೆ ಗಟ್ಟಿಯಾಗಿತ್ತು, ಎದೆ ಮಾತ್ರ ಸುಡುತ್ತಿತ್ತು. ಎರಡೂ ಒಟ್ಟಿಗೇ ಇದ್ದವು. ಇದನ್ನು ಓದುವಾಗ ನನಗೆ ಆಕೆ ತೀರಾ ಹತ್ತಿರದವಳು ಅನ್ನಿಸುತ್ತಾಳೆ.

1847ರ ಜೂನ್ 5ರಂದು ಮತ್ತೆ ಹೊರಟರು. ಮತ್ತೆ ವಯಸ್ಸು ಬರೆದಳು: ಐವತ್ತೆರಡು ವರ್ಷ, ನಾಲ್ಕು ತಿಂಗಳು, ಒಂದು ದಿನ. ಅದರ ಜೊತೆಗೇ ಬರೆದದ್ದು, ನಾಲ್ಕು ಎತ್ತು ಕಟ್ಟಿದ ಗಾಡಿ ಹೊಡೆಯುತ್ತೇನೆ ಅಂತ. ನಮ್ಮ ಕಡೆ ಗಾಡಿ ಹೊಡೆಯುವುದೆಂದರೆ ಮೂಕಿ ಮೇಲೆ ಕೂತು ಹಗ್ಗ ಹಿಡಿಯುವುದು. ಅಲ್ಲಿ ಎತ್ತುಗಳಿಗೆ ಹಗ್ಗವಿರಲಿಲ್ಲ. ಹೊಡೆಯುವವರು ಎಡಬದಿಯಲ್ಲಿ ನಡೆಯುತ್ತಾ, ಚಾಟಿ ಹಿಡಿದು, ಕೂಗಿ ಕೂಗಿ ತಿರುಗಿಸಬೇಕು. ಗಾಡಿ ಹೋದಷ್ಟು ದೂರ ಕಾಲೂ ಹೋಗಬೇಕು. ಹೆರಿಗೆಗೆ ಕರೆ ಬಂದರೆ ಅದಾದ ಮೇಲೆ.

ಮೋರ್ಮನ್ ಹೆಂಗಸರೆಂದರೆ ಕೈಗಾಡಿ ಎಳೆಯುವ ಚಿತ್ರ ಎಲ್ಲರಿಗೂ ನೆನಪಾಗುತ್ತೆ. ಅದು 1856ರಿಂದ 1860ರವರೆಗಿನ ಮಾತು. ಸುಮಾರು 3,000 ಜನ ಹಾಗೆ ಹೋದರು. ಉಳಿದವರಲ್ಲಿ ಹೆಚ್ಚಿನವರದ್ದು ಎತ್ತಿನ ಗಾಡಿಯೇ.

ಸೆಪ್ಟೆಂಬರ್ 24ರಂದು ಪ್ಯಾಟಿ ಯೂಟಾದ ಸಾಲ್ಟ್ ಲೇಕ್ ಕಣಿವೆ ಮುಟ್ಟಿದಳು. ಇಲಿನಾಯ್‌ನ ‘ನಾವೂ’ ಊರಿನಿಂದ ಲೆಕ್ಕ ಹಾಕಿದರೆ ಸುಮಾರು 2,100 ಕಿಲೋಮೀಟರ್. ದಿನಚರಿಯಲ್ಲಿ ಸಂತೋಷ ಉಕ್ಕುತ್ತೆ. ಕೊನೆಯ ಎರಡು ಬೆಟ್ಟಗಳಲ್ಲಿ ಮಗ ಪೆರಿಗ್ರಿನ್ ಸ್ವಲ್ಪ ಹೊಡೆದದ್ದು ಬಿಟ್ಟರೆ ಪೂರ್ತಿ ದಾರಿ ನಾನೇ ಹೊಡೆದೆ, ಏನೂ ಮುರಿಯಲಿಲ್ಲ, ಗಾಡಿ ಮಗುಚಲಿಲ್ಲ ಅನ್ನುತ್ತಾಳೆ. ಗಾಡಿ ತೊಳೆದಳು, ತಾನೂ ಶುಚಿಯಾದಳು, ಹಳೇ ಗೆಳತಿಯರನ್ನು ಕಂಡು ಬಂದಳು.

1892ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಹೋಗುವ ಹೊತ್ತಿಗೆ ಆಕೆ ಮಾಡಿಸಿದ ಹೆರಿಗೆಗಳ ಲೆಕ್ಕ 3,977 ಎನ್ನುತ್ತಾರೆ. ಅದರಲ್ಲಿ ಕಣಿವೆಯ ಮೊದಲ ಹೆರಿಗೆಗೆ ಕರೆ ಬಂದದ್ದು ಬಂದ ಎರಡೇ ದಿನಕ್ಕೆ. ಅವತ್ತು ಭಾನುವಾರ. ಪ್ರಾರ್ಥನೆ ಸಭೆ ಮುಗಿಸಿದ್ದಳು. ಹ್ಯಾರಿಯೆಟ್ ಯಂಗ್‌ಗೆ ನೋವು ಶುರುವಾಗಿತ್ತು. ಜುಲೈಯಲ್ಲಿ ಮೊದಲು ಬಂದಿಳಿದ ತಂಡದ ಮೂವರೇ ಹೆಂಗಸರಲ್ಲಿ ಈಕೆ ಒಬ್ಬಳು. ಬಸುರಿಯಾಗಿಯೇ ಅಷ್ಟು ದೂರ ಬಂದವಳು. ಪ್ಯಾಟಿ ಹೋದಳು. ದಿನಚರಿಯಲ್ಲಿ ಬರೆದಳು: ಹ್ಯಾರಿಯೆಟ್‌ಳನ್ನು ಗಂಡುಮಗುವಿನ ಜೊತೆ ಮಲಗಿಸಿದೆ, ಈ ಕಣಿವೆಯಲ್ಲಿ ಹುಟ್ಟಿದ ಮೊದಲ ಗಂಡು.