ಗಪ್ಪಿಗೆ ಎಷ್ಟು ಹೆಸರು?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಕೊಟ್ಟಿಗೆ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇತ್ತು. ಸೊಳ್ಳೆ ಮರಿ ತಿನ್ನಲಿ ಅಂತ ಅದಕ್ಕೆ ಗಪ್ಪಿ ಮೀನು ಬಿಟ್ಟಿದ್ದರು. ಕೆಲವು ಚಿಕ್ಕವು, ಬಾಲದ ತುಂಬ ಕಿತ್ತಳೆ, ನೀಲಿ, ಕಪ್ಪು ಚುಕ್ಕೆ. ಉಳಿದವು ಅವಕ್ಕಿಂತ ದೊಡ್ಡವು, ಬೂದಿ ಬಣ್ಣದವು. ಎರಡೂ ಬೇರೆ ಬೇರೆ ಮೀನು ಅಂತ ನಂಬಿ, ಬೂದಿಯವನ್ನಷ್ಟೇ ಹಿಡಿದು ಒಂದು ಬಕೆಟ್‌ಗೆ ಹಾಕಿದೆ. ಕೆಲವು ವಾರಕ್ಕೆ ಬಕೆಟ್ ತುಂಬ ಮರಿ! ಆ ಮರಿಗಳು ಬೆಳೆದು ಕೆಲವಕ್ಕೆ ಬಣ್ಣ ಬಂದಾಗ ಗೊತ್ತಾಯಿತು, ಬೂದಿಯವೆಲ್ಲ ಹೆಣ್ಣು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು.

ಈ ಮೀನಿನ ಗುರುತು ಹಿಡಿಯಲು ವಿಜ್ಞಾನಿಗಳಿಗೂ ಸುಮಾರು ನೂರು ವರ್ಷ ಬೇಕಾಯಿತು.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ಅಂಚು. ವೆನೆಜುವೆಲಾ, ಗಯಾನಾ, ಪಕ್ಕದ ಟ್ರಿನಿಡಾಡ್ ದ್ವೀಪ. 1859ರಲ್ಲಿ ಬರ್ಲಿನ್‌ನ ವಿಲ್‌ಹೆಲ್ಮ್ ಪೀಟರ್ಸ್ ವೆನೆಜುವೆಲಾದಿಂದ ಬಂದ ಮೀನಿಗೆ ಪೊಯೆಸಿಲಿಯಾ ರೆಟಿಕ್ಯುಲೇಟಾ ಎಂದು ಹೆಸರಿಟ್ಟರು. ರೆಟಿಕ್ಯುಲೇಟಾ ಅಂದರೆ ಬಲೆಯಂಥ ಗೆರೆ ಇರುವುದು. ಎರಡೇ ವರ್ಷಕ್ಕೆ, ಇಟಲಿಯ ಡಿ ಫಿಲಿಪ್ಪಿ ಬಾರ್ಬಡೋಸ್‌ನ ಮೀನು ನೋಡಿ, ಹೊಸದು ಎಂದುಕೊಂಡು ಲೆಬಿಸ್ಟಿಸ್ ಪೊಯೆಸಿಲಿಯಾಯ್ಡಿಸ್ ಎಂದರು. 1866ರಲ್ಲಿ ಲಂಡನ್ನಿನ ಆಲ್ಬರ್ಟ್ ಗುಂಥರ್ ಮೂರನೇ ಹೆಸರು ಕೊಟ್ಟರು: ಜಿರಾರ್ಡೈನಸ್ ಗಪ್ಪಿಯೈ. ಟ್ರಿನಿಡಾಡ್‌ನಿಂದ ಮೀನು ಕಳಿಸಿದ್ದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಅವರ ನೆನಪಿಗೆ ಇಟ್ಟ ಹೆಸರು ಅದು.

ಮೂವರನ್ನೂ ದೂರುವುದು ಸರಿಯಲ್ಲ. ಒಬ್ಬರ ಮೀನು ಒಂದು ಊರಿನದು, ಇನ್ನೊಬ್ಬರದು ಮತ್ತೊಂದು ದ್ವೀಪದ್ದು. ಸ್ಪಿರಿಟ್‌ನಲ್ಲಿಟ್ಟ ಮೀನಿನ ಬಣ್ಣ ಮಾಸಿಹೋಗುತ್ತದೆ. ಬದುಕಿರುವ ಗಪ್ಪಿಗಳಲ್ಲೂ ಒಂದು ಗಂಡಿನಂತೆ ಇನ್ನೊಂದು ಗಂಡು ಇರುವುದಿಲ್ಲ, ಅಲ್ವಾ? ಬಣ್ಣ ನಂಬಿದರೆ ಕೆಟ್ಟಂತೆ.

ಹಾಗಾದರೆ ಏನು ನಂಬಬೇಕು? ಗಂಡು ಗಪ್ಪಿಯ ಹೊಟ್ಟೆ ಕೆಳಗಿನ ಒಂದು ರೆಕ್ಕೆ ಕಡ್ಡಿಯಂತೆ ಉದ್ದವಾಗಿರುತ್ತದೆ. ವೀರ್ಯ ದಾಟಿಸುವ ಅಂಗ ಅದು, ಹೆಸರು ಗೊನೊಪೋಡಿಯಂ. ಅದರ ತುದಿಯ ಮುಳ್ಳು, ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಯಾವುದರ ನೆಂಟ ಎಂದು ಹೇಳಬಹುದು. 1913ರಲ್ಲಿ ಲಂಡನ್ನಿನ ಮೀನು ತಜ್ಞ ಟೇಟ್ ರೀಗನ್ ಈ ದಾರಿ ಹಿಡಿದು, ಮೀನಿಗೆ ಲೆಬಿಸ್ಟಿಸ್ ರೆಟಿಕ್ಯುಲೇಟಸ್ ಎಂಬ ಹೆಸರು ಕೊಟ್ಟರು. ಅಕ್ವೇರಿಯಂ ಸಾಕುವವರು ಮುಂದೆ ಐವತ್ತು ವರ್ಷ ಅದನ್ನೇ ಬಳಸಿದರು. 1963ರಲ್ಲಿ ಅಮೆರಿಕದ ರೋಸೆನ್ ಮತ್ತು ಬೈಲಿ ಇಡೀ ಗಪ್ಪಿ ಕುಟುಂಬವನ್ನು ಮತ್ತೆ ಜಾಲಾಡಿದರು. ಲೆಬಿಸ್ಟಿಸ್ ಪ್ರತ್ಯೇಕ ಕುಲ (ಹತ್ತಿರದ ಪ್ರಭೇದಗಳ ಗುಂಪು) ಆಗುವಷ್ಟು ಬೇರೆಯಲ್ಲ ಎಂದು ಪೀಟರ್ಸ್ ಇಟ್ಟ ಹೆಸರಿಗೇ ವಾಪಸಾದರು.

ನಮ್ಮಲ್ಲಿ ಊರಿನ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ ಬರುತ್ತದಲ್ಲ, ಇದೂ ಹಾಗೆಯೇ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಎರಡನೆಯದರಲ್ಲಿ ಮೊದಲು ಇಟ್ಟವರ ಹೆಸರಿಗೇ ಹಕ್ಕು. ಅದಕ್ಕೇ ರೆಟಿಕ್ಯುಲೇಟಾ ಉಳಿಯಿತು, ಗಪ್ಪಿಯೈ ಹೋಯಿತು. ಕುಲ ಯಾವುದು ಎಂಬುದು ಮಾತ್ರ ವಿಜ್ಞಾನಿಗಳ ಅಭಿಪ್ರಾಯ, ಬದಲಾಗಬಹುದು. ಪುಸ್ತಕದಿಂದ ಬಿದ್ದುಹೋದ ಗಪ್ಪಿ ಎಂಬ ಹೆಸರು ಜನರ ಬಾಯಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ನನಗೆ ಇದು ತುಂಬ ಇಷ್ಟದ ಸಂಗತಿ.

ಜಗಳ ಅಲ್ಲಿಗೂ ಮುಗಿಯಲಿಲ್ಲ. 1975ರಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ವೆನೆಜುವೆಲಾದ ಕುಮಾನಾ ಬಳಿ ಹೊಳೆಯುವ ಪುಟ್ಟ ಗಪ್ಪಿಗಳನ್ನು ಕಂಡರು. ಸಾಕುವವರು ಅವನ್ನು ಎಂಡ್ಲರ್ ಎಂದೇ ಕರೆಯುತ್ತಾರೆ. 2005ರಲ್ಲಿ ಅವಕ್ಕೆ ಪೊಯೆಸಿಲಿಯಾ ವಿಂಗೈ ಎಂಬ ಬೇರೆ ಹೆಸರು ಬಂತು. ಆದರೆ ಇವು ಮಾಮೂಲಿ ಗಪ್ಪಿ ಜೊತೆ ಸುಲಭವಾಗಿ ಕೂಡುತ್ತವೆ, ಹುಟ್ಟಿದ ಮರಿಗಳೂ ಮರಿ ಹಾಕುತ್ತವೆ. ಹಾಗಿರುವಾಗ ಬೇರೆ ಪ್ರಭೇದ ಎನ್ನುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇರೆ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಶಿವಮೊಗ್ಗದಲ್ಲಿ ಎಂಡ್ಲರ್ ಸಾಕುವವರಿದ್ದರೆ ದಯವಿಟ್ಟು ಗಪ್ಪಿ ಜೊತೆ ಬಿಡಬೇಡಿ. ಒಮ್ಮೆ ಬೆರೆತರೆ ಬಿಡಿಸಲಾಗದು. 2009ರಲ್ಲಿ ಟ್ರಿನಿಡಾಡ್‌ನ ಕೆಲವು ಗಪ್ಪಿಗಳಿಗೆ ಪೊಯೆಸಿಲಿಯಾ ಅಬ್‌ಸ್ಕ್ಯೂರಾ ಎಂಬ ಇನ್ನೊಂದು ಹೆಸರೂ ಸೇರಿತು.

ಊರ ಕಡೆ ಸೊಳ್ಳೆ ತಿನ್ನುವ ಪುಟ್ಟ ಮೀನೆಲ್ಲ ಗಪ್ಪಿಯೇ. ಉತ್ತರ ಅಮೆರಿಕದ ಗಂಬೂಸಿಯಾ ಕೂಡ. ಅದು ಗಪ್ಪಿಯ ಕುಟುಂಬದ್ದೇ, ಆದರೆ ಬೇರೆ ಕುಲ. ಹೋದ ಮಳೆಗಾಲದಲ್ಲಿ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಹುಡುಗರು "ಗಪ್ಪಿ" ಎಂದು ತೋರಿಸಿದ ಮೀನಿಗೆ ತಲೆ ಮೇಲೆ ಒಂದು ಬಿಳಿ ಚುಕ್ಕೆ ಮಿನುಗುತ್ತಿತ್ತು. ಅದು ಅಪ್ಲೊಕೈಲಸ್ ಲೀನಿಯೇಟಸ್. 1846ರಲ್ಲಿ, ಗಪ್ಪಿಗಿಂತ ಮೊದಲೇ ಪುಸ್ತಕಕ್ಕೆ ಸೇರಿದ ನಮ್ಮ ಪಶ್ಚಿಮ ಘಟ್ಟದ ಮೀನು. ಗಪ್ಪಿಗೆ ದೂರದ ನೆಂಟ, ಎರಡೂ ಒಂದೇ ಗಣದವು (ಗಣ ಅಂದರೆ ಕುಟುಂಬಕ್ಕಿಂತ ದೊಡ್ಡ ಗುಂಪು). ಇದು ಮೊಟ್ಟೆ ಇಡುತ್ತದೆ, ಸೊಳ್ಳೆ ಮರಿಯನ್ನೂ ತಿನ್ನುತ್ತದೆ. ಆ ಕಾಲುವೆಗೆ ಗಪ್ಪಿ ತಂದು ಬಿಡೋಣ ಎಂದಿದ್ದರು ಮನೆಯವರು. ಈ ಮೀನನ್ನು ತೋರಿಸಿದೆ, ಬಿಡಲಿಲ್ಲ.