ಓದುಗರ ಪ್ರಶ್ನೆ: ನಮ್ಮೂರ ಹತ್ತಿರ ಎಎ ಮೀಟಿಂಗ್ ಎಲ್ಲಿ ನಡೆಯುತ್ತೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಕುಡಿತ ಬಿಡ್ತೀನಿ ಅಂತ ನಮ್ಮೆಜಮಾನ್ರು ಈ ಸಲ ತಾವಾಗೇ ಹೇಳಿದ್ದಾರೆ. ಕುಡಿತ ಬಿಡೋರು ಸೇರುವ ಎಎ ಮೀಟಿಂಗ್‌ಗೆ ಕಳಿಸಿ ಅಂತ ಪರಿಚಯದವರೊಬ್ಬರು ಅಂದರು. ನಮ್ಮದು ತಾಲ್ಲೂಕು ಊರು. ಫೋನಲ್ಲಿ ಹುಡುಕಿದರೆ ಬರೀ ಡಿ-ಅಡಿಕ್ಷನ್ ಸೆಂಟರ್‌ಗಳ ಜಾಹೀರಾತು. ಮೀಟಿಂಗ್ ಎಲ್ಲಿದೆ ಅಂತ ಪತ್ತೆ ಮಾಡೋದು ಹೇಗೆ?

ಉತ್ತರ: ಮೊದಲು ಫೋನ್ ಮಾಡಿ, ಆಮೇಲೆ ಬಸ್ ಹತ್ತಿ. ನಾನು ಇದನ್ನು ಕಲಿತದ್ದು ಬೀಗ ಹಾಕಿದ ಗೇಟಿನ ಮುಂದೆ ನಿಂತು. ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು, ಯಾವುದೋ ಪಟ್ಟಿಯಲ್ಲಿ ಸಿಕ್ಕ ವಿಳಾಸಕ್ಕೆ ಹೋಗಿದ್ದೆ. ಅದೊಂದು ಶಾಲೆ. ಸಂಜೆ ಏಳು ಗಂಟೆ. ಒಳಗೆ ಒಂದು ದೀಪವೂ ಇಲ್ಲ. ‘ಅವರಾ? ಅವರು ಬೇರೆ ಕಡೆ ಹೋಗಿ ಆರು ತಿಂಗಳಾಯ್ತಲ್ಲ ಸಾರ್’ ಅಂದ ವಾಚ್‌ಮ್ಯಾನ್. ವಾಪಸ್ ಬರುವ ದಾರಿಯಲ್ಲಿ ಎರಡು ಬಾರ್ ಇದ್ದವು. ಚಿಕ್ಕಪ್ಪ ಮಾತಾಡಲಿಲ್ಲ, ನಾನು ಗಾಡಿ ನಿಧಾನ ಮಾಡಲಿಲ್ಲ. ಅವರನ್ನು ಮತ್ತೆ ಹೊರಡಿಸೋಕೆ ಮೂರು ವಾರ ಬೇಕಾಯಿತು.

ಹೀಗಾಗೋದಕ್ಕೆ ಕಾರಣ ಇದೆ. ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಅಕ್ರಾನ್ ಊರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ನಮ್ಮ ದೇಶಕ್ಕೆ ಬಂದದ್ದು 1957ರಲ್ಲಿ. ಇದು ಆಸ್ಪತ್ರೆಯಲ್ಲ, ಸರ್ಕಾರದ ಯೋಜನೆಯೂ ಅಲ್ಲ. ಹೊರಗಿನವರಿಂದ ಒಂದು ರೂಪಾಯಿ ತೆಗೆದುಕೊಳ್ಳೋದಿಲ್ಲ. ಚಹಾ, ಬಾಡಿಗೆ ಎಲ್ಲ ಸದಸ್ಯರ ಜೇಬಿನಿಂದಲೇ. ಹಾಗಾಗಿ ಗುಂಪುಗಳಿಗೆ ಸ್ವಂತ ಕಟ್ಟಡ ಇರೋದು ಅಪರೂಪ. ಚರ್ಚಿನ ಪಕ್ಕದ ಹಾಲು, ಶಾಲೆಯ ಕೊಠಡಿ, ಆಸ್ಪತ್ರೆಯ ಒಂದು ರೂಮು, ಹೀಗೆ ಯಾರು ಜಾಗ ಕೊಡುತ್ತಾರೋ ಅಲ್ಲಿ ಸೇರುತ್ತಾರೆ. ಜಾಗ ಹೋದರೆ ಬೇರೆ ಕಡೆ. ಮೇಲಾಗಿ ಹೆಸರು ಹೊರಗೆ ಬರಬಾರದು ಅನ್ನೋದು ಅವರ ಮುಖ್ಯ ನಿಯಮ, ದೊಡ್ಡ ಬೋರ್ಡು ಎಲ್ಲಿಂದ ಬರಬೇಕು? ಮ್ಯಾಪಿನಲ್ಲಿ ಕಂಡ ಗುರುತನ್ನು ಸುಮ್ನೆ ನಂಬಬೇಡಿ.

ಎಎಯ ಭಾರತದ ಕಚೇರಿ ಮುಂಬೈಯಲ್ಲಿದೆ. ಅವರ ವೆಬ್‌ಸೈಟ್ ನೋಡಿ ನಿಮ್ಮ ಕಡೆಯ ಸಂಪರ್ಕ ಕೇಳಿ. ಅಲ್ಲಿ ಸಿಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಅಲ್ಲಿನ ಆಪ್ತಸಮಾಲೋಚಕರಿಗೆ ಯಾರಾದರೂ ಎಎ ಸದಸ್ಯರ ಪರಿಚಯ ಇರೋದು ಸಾಮಾನ್ಯ. ಫೋನ್ ಎತ್ತಿದವರಿಗೆ ಮೂರು ಪ್ರಶ್ನೆ ಕೇಳಿ: ಈ ವಾರ ಮೀಟಿಂಗ್ ಇದೆಯಾ, ಕನ್ನಡದಲ್ಲಿ ನಡೆಯುತ್ತಾ, ಹೊಸಬರನ್ನು ಗೇಟಿನ ಹತ್ತಿರ ಯಾರಾದರೂ ಎದುರುಗೊಳ್ಳುತ್ತಾರಾ? ಮೂರನೆಯದನ್ನು ಮರೀಬೇಡಿ. ವಿಳಾಸ ಸಿಕ್ಕವರೂ ಆ ಬಾಗಿಲ ಹತ್ತಿರವೇ ವಾಪಸ್ ತಿರುಗುತ್ತಾರೆ. ಹೊಸಬರ ಜೊತೆ ಮೊದಲೇ ಫೋನಲ್ಲಿ ಮಾತಾಡೋದು, ಬೇಕಾದರೆ ಮನೆಗೇ ಬಂದು ಭೇಟಿಯಾಗೋದು ಎಎಯವರ ಹಳೆಯ ಪದ್ಧತಿ. ಕೇಳೋಕೆ ಸಂಕೋಚ ಬೇಡ.

ಎರಡನೇ ಸಲ ನಾವು ಹಾಗೇ ಮಾಡಿದೆವು. ಸ್ಕೂಟರ್ ಹತ್ತಿರ ಒಬ್ಬರು ಕಾಯುತ್ತಿದ್ದರು. ಒಳಗೆ ಮಕ್ಕಳ ಬೆಂಚು, ಮೊಣಕಾಲು ತೂರಿಸೋಕೆ ಜಾಗ ಇಲ್ಲ. ಗೋಡೆಗೆ ಹನ್ನೆರಡು ಮೆಟ್ಟಿಲುಗಳ, ಅಂದರೆ ಕುಡಿತದಿಂದ ಹೊರಬರೋಕೆ ಎಎಯವರು ಅನುಸರಿಸುವ ಹಂತಗಳ ಬ್ಯಾನರ್, ಕೆಳಗೆ ಸ್ಟೀಲ್ ಫ್ಲಾಸ್ಕಿನಲ್ಲಿ ಚಹಾ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ‘ನಾನೊಬ್ಬ ಆಲ್ಕೋಹಾಲಿಕ್’ ಅಂದು ತಮ್ಮ ಕಥೆ ಹೇಳುತ್ತಿದ್ದರು. ಅದಕ್ಕೆ ಶೇರಿಂಗ್ ಅನ್ನುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಲಾರಿ ಡ್ರೈವರೊಬ್ಬರು ಮಗಳ ಮದುವೆಯ ದಿನ ತಾವು ಎಲ್ಲಿ ಬಿದ್ದಿದ್ದರು ಅಂತ ಹೇಳಿದಾಗ ಚಿಕ್ಕಪ್ಪ ಮೊದಲ ಬಾರಿ ತಲೆ ಎತ್ತಿದರು. ನಾನು ಒಳಗಿದ್ದದ್ದು ಅದು ಓಪನ್ ಮೀಟಿಂಗ್ ಆಗಿದ್ದರಿಂದ. ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತದ ಸಮಸ್ಯೆ ಇರುವವರು ಮಾತ್ರ ಹೋಗಬಹುದು. ಜೊತೆಯಲ್ಲಿ ಹೋಗೋದಾದರೆ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ.

ಶುಲ್ಕ ಇಲ್ಲ. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಬರುತ್ತೆ, ಸದಸ್ಯರು ಇಷ್ಟವಿದ್ದರೆ ಹಾಕುತ್ತಾರೆ. ಪ್ಯಾಕೇಜು, ಅಡ್ವಾನ್ಸು ಅಂತ ಶುರು ಮಾಡಿದರೆ ಅದು ಎಎ ಅಲ್ಲ, ಹೆಸರು ಏನೇ ಇಟ್ಟುಕೊಂಡಿರಲಿ. ದೇವರ ಮಾತು ಬರುತ್ತೆ, ನಿಜ. ಆದರೆ ಯಾವುದೇ ಧರ್ಮದ್ದಲ್ಲ. ಚರ್ಚಿನಲ್ಲಿ ಸೇರುತ್ತಾರೆ ಅಂತ ಹೆದರುವವರು ಜಾಸ್ತಿ. ಅದು ಬರೀ ಜಾಗದ ವಿಷಯ.

ಹತ್ತಿರದಲ್ಲಿ ಗುಂಪೇ ಇಲ್ಲದಿದ್ದರೆ? ನಮ್ಮ ಹಳ್ಳಿಗಳಿಗೆ ಇನ್ನೊಂದು ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ 8 ದಿನದ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಆಮೇಲೂ ಸೇರುತ್ತಾರೆ. ನನ್ನ ಪ್ರಕಾರ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ, ಯಾಕಂದರೆ ಒಂಬತ್ತನೇ ದಿನ ಮನುಷ್ಯ ಅದೇ ಊರಿಗೆ, ಅದೇ ಗೆಳೆಯರ ಹತ್ತಿರ ವಾಪಸ್ ಬರುತ್ತಾನೆ. ನಿಮ್ಮ ಸ್ವಸಹಾಯ ಸಂಘಕ್ಕೆ ಬರುವ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿ ನೋಡಿ. ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಊರಿನವರು ನೋಡಿಬಿಟ್ಟರೆ ಅನ್ನುವವರಿಗೆ, ಹೊರದೇಶದಲ್ಲಿ ಇರುವವರಿಗೆ ಅದು ಸುಲಭ.

ಒಂದು ಎಚ್ಚರಿಕೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ನಾಲ್ಕೈದು ದಿನ ಅಪಾಯ ಇರುತ್ತೆ. ಕೈ ನಡುಕ, ಬೆವರು, ನಿದ್ದೆ ಬಾರದಿರೋದು ಸಾಮಾನ್ಯ. ಕೆಲವರಿಗೆ ಫಿಟ್ಸ್ ಬರುತ್ತೆ, ಇಲ್ಲದ್ದು ಕಾಣುತ್ತೆ, ಜೀವಕ್ಕೇ ಕುತ್ತು ಬರಬಹುದು. ಮೀಟಿಂಗ್‌ನಲ್ಲಿ ಇದಕ್ಕೆ ಔಷಧಿ ಇಲ್ಲ. ಬಿಡುವ ಮೊದಲೇ ಡಾಕ್ಟರನ್ನು ನೋಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಕೇಳಿಕೊಳ್ಳಿ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಫೋನಿಗೆ 14446, ಇದು ವ್ಯಸನಮುಕ್ತಿಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಹಾಂ, ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ತಂಟೆಗಂತೂ ಹೋಗಬೇಡಿ. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಮೊದಲ ಮೀಟಿಂಗ್ ಇಷ್ಟವಾಗಲಿಲ್ಲ ಅಂದರೆ ಐದಾರು ಸಲವಾದರೂ ಹೋಗಲಿ, ಸಾಧ್ಯವಾದರೆ ಬೇರೆ ಗುಂಪಿಗೆ. ಒಂದೊಂದು ಗುಂಪಿನ ರೀತಿ ಒಂದೊಂದು. ಮಧ್ಯೆ ಕುಡಿದುಬಿಟ್ಟರೂ ಬಾಗಿಲು ಹಾಕೋದಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಸದಸ್ಯರಾಗೋಕೆ ಇರುವ ನಿಯಮ ಅದೊಂದೇ.

ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನುವ ಬೇರೆ ಗುಂಪು ಇದೆ. ಎಎಗೆ ಫೋನ್ ಮಾಡಿದಾಗ ಅದನ್ನೂ ವಿಚಾರಿಸಿ. ಯಜಮಾನರು ಕೊನೇ ಗಳಿಗೆಯಲ್ಲಿ ಬರಲ್ಲ ಅಂದರೂ ನೀವು ಅಲ್ಲಿಗೆ ಹೋಗಬಹುದು.